ಹೆಪ್ಪು

ಗಡಿಗೆಯ ಮುಚ್ಚಳ ತೆಗೆದಾಗ ಬಂದ ವಾಸನೆ
ಹುಳಿಯದ್ದಲ್ಲ, ಬಣ್ಣದಂಗಡಿಯದ್ದು.
ಮೇಲೆ ಬೂದು ನೀರು, ಅಂಚಿಗೆ ಗುಲಾಬಿ ಬೂಷ್ಟು.
ಬ್ರೆಡ್ಡಿನ ಈ ಹೆಪ್ಪನ್ನು ಚಿಕ್ಕಮ್ಮ ಜೆರ್ತ್ರೂಡಿಸ್
ಮೂವತ್ತೊಂದು ವರ್ಷ ಎರಡು ಹೊತ್ತು ಹಿಟ್ಟುಣಿಸಿ ಸಾಕಿದ್ದಳು.
ನನ್ನ ಕೈಗೆ ಕೊಡುವಾಗ ಹೇಳಿದ್ದು ಒಂದೇ ಮಾತು:
"ಹಸಿವಾದರೆ ಕೂಗಲು ಇದಕ್ಕೆ ಬಾಯಿಲ್ಲ, ಎಲೀದಿಯೊ."

ಫೋನಿಗೆ ಬಾಯಿತ್ತು.
ಮೂರು ಗಂಟೆಗೊಮ್ಮೆ ಕಹಳೆ ಊದುತ್ತಿತ್ತು:
ಕೋಟೆಯ ಕಣಜ ತುಂಬಿದೆ, ಬಾಚಿಕೋ;
ಉತ್ತರದ ಗೋಡೆಗೆ ಮುತ್ತಿಗೆ, ಏಳು.
ಏಳುತ್ತಿದ್ದೆ.
ಒಲೆಯ ಮುಂದೆ, ಕಕ್ಕಸಿನಲ್ಲಿ,
ಮಾವನ ಶವಪೆಟ್ಟಿಗೆಯ ಹಿಂದೆ ನಡೆಯುವಾಗ
ಕೋಟಿನ ಜೇಬಿನೊಳಗೇ, ಹೆಬ್ಬೆರಳಿನ ಅಂದಾಜಿನಲ್ಲಿ.
ಎಂಬತ್ತು ಸಾವಿರ ಮೂಟೆ ಗೋಧಿ ಅಲ್ಲಿ,
ಒಂದು ಕಾಳಿಗೂ ಇಲಿ ಬಾಯಿ ಹಾಕಿರಲಿಲ್ಲ.
ಮನಾಉಸ್‌ನಿಂದೊಬ್ಬ, ರೀಗಾದಿಂದೊಬ್ಬಳು
ಸೇನಾಪತಿ ಎಂದು ಕರೆಯುತ್ತಿದ್ದರು.
ಈ ಮೆರ್ತೊಲಾದಲ್ಲಿ ನಾನು ಬ್ರೆಡ್ಡಿನವ, ಅಷ್ಟೆ.

ಒದೀಲಿಯ ಜಗಳವಾಡಲಿಲ್ಲ.
ಆಡಿದ್ದರೆ ಗೊತ್ತಾಗುತ್ತಿತ್ತೇನೋ.
ಎರಡು ತಟ್ಟೆ ಇಡುತ್ತಿದ್ದವಳು ಒಂದು ಇಡತೊಡಗಿದಳು.
ನನ್ನ ಕಣ್ಣಿಗೆ ಬಿದ್ದದ್ದು ಹನ್ನೊಂದನೆಯ ದಿನ,
ಅದೂ ಅವತ್ತು ಸರ್ವರ್ ಕೆಟ್ಟು ನಿಂತಿತ್ತು ಅಂತ.

ಗಡಿಗೆ ತೊಳೆದು ಬೋರಲು ಹಾಕಿದೆ.
ಸೂಪರ್‌ಮಾರ್ಕೆಟ್ಟಿನ ಈಸ್ಟ್ ಪೊಟ್ಟಣ ತಂದು, ಯಾರಿಗೂ ಹೇಳದೆ,
ನಾದಿದೆ. ಉಬ್ಬಿತು. ಕೆಂಪಗೆ ಬೆಂದಿತು.
ಮೋಸ ಇಷ್ಟು ಚೆನ್ನಾಗಿ ಉಬ್ಬುತ್ತದೆಂದು ತಿಳಿದಿರಲಿಲ್ಲ.

ಮೂರನೆಯ ದಿನ ದೋನಾ ಫೆಲಿಷ್ಮೀನಾ
ಕೋಲೂರಿ ಏರು ಹತ್ತಿ ಬಂದಳು,
ಅರ್ಧ ಕೊಯ್ದ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು.
ಹಲಗೆಯ ಮೇಲಿಟ್ಟು,
"ಇದು ನಿನ್ನ ಕೈಯದ್ದಲ್ಲ" ಎಂದಳು.
ಆಗಲೇ ಜೇಬಿನಲ್ಲಿ ಕಹಳೆ.
ಅವಳು ನೋಡುತ್ತಿದ್ದ ಹಾಗೆಯೇ ಕೈ ಜೇಬಿಗಿಳಿಯಿತು.
ನಾನು ಇಳಿಸಲಿಲ್ಲ. ಇಳಿಯಿತು.
ಬೇರೆ ಯಾರದೋ ಕೈ ನೋಡಿದ ಹಾಗೆ ನೋಡಿದೆ.
ಮುದುಕಿ ಅಂದದ್ದು ಬ್ರೆಡ್ಡಿನ ಮಾತು; ಆದರೂ.

ಆರೋಗ್ಯ ಕೇಂದ್ರದ ಕುರ್ಚಿಗಳು ಕಿತ್ತಳೆ ಬಣ್ಣದವು.
ನನ್ನ ಚೀಟಿಯಲ್ಲಿ ಹದಿನಾಲ್ಕು.
ಎದುರಿಗೆ ಕೂತವನ ಮೇಲೆ ಹೊಟ್ಟೆಕಿಚ್ಚಾಯಿತು:
ತೋರಿಸುವುದಕ್ಕೆ ಅವನಿಗೊಂದು ಊದಿದ ಮಂಡಿಯಿತ್ತು.
ನಲವತ್ತೇಳರ ಗಂಡಸು ಏನೆಂದು ಬಾಯಿಬಿಡಲಿ,
ಆಟವಾಡುತ್ತೇನೆ ಅಂತಲೇ?

ಗುರುವಾರಕ್ಕೊಮ್ಮೆ ಬೇಜಾದಿಂದ ಬರುವ ಹುಡುಗಿ ಕೇಳಿದಳು,
"ದಿನಕ್ಕೆಷ್ಟು ಗಂಟೆ?"
"ಎರಡು."
ಬರೆದುಕೊಳ್ಳಲಿಲ್ಲ. ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು.
ಕಿಟಕಿಯಾಚೆ ಗ್ವಾದಿಯಾನಾ ಕಂದು ಬಣ್ಣದಲ್ಲಿ ಹರಿಯುತ್ತಿತ್ತು.
"ಎರಡು," ಎಂದೆ ಮತ್ತೆ. "ನಿದ್ದೆ."
ಆಗ ಬರೆದುಕೊಂಡಳು.
"ಬಿಡಲು ನೋಡಿದ್ದೀರಾ?"
ನಾಲ್ಕು ಸಲ.
"ಎಷ್ಟು ದಿನ ಬಿಟ್ಟಿದ್ದಿರಿ?"
ದಿನದಲ್ಲಿ ಅಳೆಯುವಷ್ಟಿಲ್ಲ ಎಂದೆ.
ಬೈಗುಳಕ್ಕೆ ಬೆನ್ನು ಬಗ್ಗಿಸಿಕೊಂಡು ಕಾದೆ.
ಮುಂದಿನ ವಾರ ಎಷ್ಟು ಹೊತ್ತಿಗೆ ಬರುತ್ತೀರಿ, ಎಂದಷ್ಟೇ ಕೇಳಿದಳು.

ಅದೇ ಸಂಜೆ ಖಾಲಿ ಗಡಿಗೆ ಹಿಡಿದು
ಫೆಲಿಷ್ಮೀನಾಳ ಬಾಗಿಲಲ್ಲಿ ನಿಂತೆ.
ಹೆಪ್ಪು ಸತ್ತಿದೆ, ಕೊಡು ಎಂದೆ.
ಹೀಗೆ ಕೇಳುವುದಕ್ಕೆ ಏಳು ತಿಂಗಳು ಹಿಡಿದಿತ್ತು.
"ನಿನ್ನ ಚಿಕ್ಕಮ್ಮನ ಹತ್ತಿರ ನಾನು ಇಸಕೊಂಡಿದ್ದೋ,
ಅವಳೇ ನನ್ನ ಹತ್ತಿರ ಇಸಕೊಂಡಿದ್ದೋ, ಈಗ ಮರೆವು" ಎನ್ನುತ್ತ
ಒಂದು ಹಿಡಿ ಹಾಕಿ, ಬೆರಳನ್ನು ಗಡಿಗೆಯ ಅಂಚಿಗೆ ಒರೆಸಿದಳು.

ಫೋನೀಗ ಒದೀಲಿಯಳ ಹೊಲಿಗೆ ಡಬ್ಬಿಯಲ್ಲಿದೆ.
ರಾತ್ರಿ ಮೂರಕ್ಕೆ ಈಗಲೂ ಎಚ್ಚರ;
ಹೊದಿಕೆಯೊಳಗೆ ಹೆಬ್ಬೆರಳು ತಾನೇ ತಾನಾಗಿ ಆಡುತ್ತದೆ.
ಕೋಟೆ ಬಿದ್ದಿರಬೇಕು. ರೀಗಾದವಳು ಕಾದು ಬೈದಿರಬೇಕು.
ಡಬ್ಬಿ ಎಲ್ಲಿದೆಯೆಂದು ನನಗೆ ಗೊತ್ತು, ಅದನ್ನೂ ಬರೆಯಬೇಕು.

ಎದ್ದು ಹೋಗಿ ಗಡಿಗೆಗೆ ಕಿವಿಯಿಡುತ್ತೇನೆ.
ಮೊದಲ ರಾತ್ರಿ ಏನೂ ಇಲ್ಲ.
ನಿನ್ನೆ ಒಂದು ಗುಳ್ಳೆಯ ಸದ್ದು,
ಅಥವಾ ನನ್ನದೇ ರಕ್ತದ್ದು.
ಇವತ್ತಿನ್ನೂ ಶನಿವಾರ.