ಗುಂಯ್

ತಂತಿ ಮುಟ್ಟಿದ್ರ ಸುಮ್ಮನಿರ್ತದ,
ಕೈ ಎತ್ತಿದ್ರ ಗುಂಯ್.
ಉಮದಿಯ ಗುಡಿಕಟ್ಟೀ ಮ್ಯಾಲೆ
ಗುರುಬಾಳವ್ವನ ಏಕತಾರಿ,
ಸೋರೆಬುರುಡಿಗೆ ಮೇಣ ಹಚ್ಚಿ ಅಂಟಿಸಿದ
ಎಂಟಾಣೆ ಅಗಲದ ಪಿಕಪ್.

ಮೈಕ್‌ಸೆಟ್ಟಿನ ದಸ್ತಗೀರ
ವೈರು ಬದಲಿಸಿದ, ಟ್ಯೂಬ್‌ಲೈಟ್ ಆರಿಸಿದ,
ಪಿನ್ನಿಗೆ ಉಗುಳು ಹಚ್ಚಿ ತಿಕ್ಕಿದ.
ಗುಂಯ್.

"ಅರ್ಥಿಂಗ್ ಇಲ್ಲ ಅವ್ವಾ."
"ಹಾಡೂ ಮೊದಲ
ಅರ್ಥ ಎಲ್ಲಿಂದ ಬರಬೇಕೋ ತಮ್ಮಾ?"

ಕಟ್ಟೀ ಹಿಂದ ಬಡಿದ ಕಬ್ಬಿಣದ ಸಳಿ;
ಅದರ ಬುಡಕ್ಕ ಒಂದು ಹಿಡಿ ಉಪ್ಪು,
ಚಾದಂಗಡಿ ಕಿಟ್ಲಿ ತುಂಬ ನೀರು.
ನೆಲ ಸೊರ್ ಅಂತ ಕುಡೀತು.

ಸ್ಪೀಕರ್ ಬಾಯಿ ಮುಚ್ಚಿತು.

ಕೈ ಎತ್ತಿದಳು. ಏನೂ ಇಲ್ಲ.
ಕಿವಿ ವಾರೆ ಮಾಡಿ ತುಸು ಹೊತ್ತು ಕುಂತಳು:
"ಶ್ರುತಿ ಹಿಡಿದು ಕುಂತಿದ್ದನಲ್ಲ ಒಬ್ಬ,
ಎದ್ದು ಹೋದನೇನು?"