ಸುಣ್ಣದ ಲೆಕ್ಕ

ಥೆಲ್ಮಾ ರ‍್ಯಾಗ್, ಎಪ್ಪತ್ನಾಲ್ಕು.
ವರ್ಕ್ಸ್‌ವರ್ತಿನ ಸುಣ್ಣಕಲ್ಲಿನ ಗಣಿಯ ಗೇಟಿನಲ್ಲಿ
ಮೂವತ್ತೊಂದು ವರ್ಷ ಲಾರಿ ತೂಗಿದಾಕೆ.
ಖಾಲಿ ಇಷ್ಟು, ತುಂಬಿದ್ದು ಇಷ್ಟು, ಕಳೆದರೆ ಕಲ್ಲು:
ಕಿಟಕಿಯಿಂದ ಕೂಗಿದರೆ
ಎಂಜಿನ್ನಿನ ಸದ್ದೂ ಸರಿದು ನಿಲ್ಲುತ್ತಿತ್ತಂತೆ.

ಈಗ ತೂಕ ತಪ್ಪಿರುವುದು ಆಕೆಯ ನೆತ್ತರಲ್ಲಿ.
ಕೊರಳೊಳಗೆ ಥೈರಾಯ್ಡಿನ ಬೆನ್ನಿಗಂಟಿ ನಾಲ್ಕು ಗ್ರಂಥಿ,
ನಮ್ಮ ಕಡೆಯ ತೊಗರಿಬೇಳೆಯಷ್ಟೇ.
ಮೂರು ತೂಕಡಿಸುತ್ತಿವೆ.
ನಾಲ್ಕನೆಯದು ನೆಲ್ಲಿಕಾಯಾಗಿ ಊದಿ
ಹಗಲಿರುಳು ಒಂದೇ ಹುಕುಂ:
ಎಲುಬಿನಿಂದ ತೆಗೆ, ನೆತ್ತರಿಗೆ ಸುರಿ.

ಆರು ವರ್ಷ ಯಾರಿಗೂ ತಿಳಿಯಲಿಲ್ಲ.
ವಯಸ್ಸಾಯಿತಲ್ಲ ಎಂದರು,
ಗಂಡ ಹೋದ ದುಃಖ ಎಂದರು,
ಮರೆವಿಗೊಂದು ಮಾತ್ರೆ, ಮಲಬದ್ಧತೆಗೆ ಇನ್ನೊಂದು,
ಎರಡು ಸಲ ಮೂತ್ರದಲ್ಲಿ ಕಲ್ಲು ಬಿದ್ದರೂ
ನೀರು ಕುಡಿ ಎಂದು ಮನೆಗೆ ಕಳಿಸಿದರು.
ಕೆಟಲ್ ಎತ್ತುವಾಗ ಮಣಿಕಟ್ಟು ಮುರಿದ ಮೇಲೆ
ಯಾರೋ ಎಳೆಯ ಡಾಕ್ಟರು ಕ್ಯಾಲ್ಸಿಯಂ ನೋಡಿದಳು.
‘ನಮ್ಮೂರ ನೀರಿಗೆ ಕೆಟಲ್ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುತ್ತೆ,
ನಾನೂ ಈಗ ಅದೇ’ ಎಂದು ನನ್ನೆದುರು ನಕ್ಕಳು ಥೆಲ್ಮಾ.

ನನ್ನ ಕಸುಬು ನಿದ್ದೆ. ಆದರೆ
ಎರಡು ದಿನ ಉಪ್ಪುನೀರು ಹರಿಸಿ, ಸುಣ್ಣ ತುಸು ಇಳಿಸಿ,
ಹೃದಯದ ಗೀಟಿನಲ್ಲಿ ಗಿಡ್ಡವಾದ ಆ ಬಿಡುವನ್ನು
ಮತ್ತೆ ಮತ್ತೆ ಅಳೆದು ನೋಡಿದ ಮೇಲಿನ ನಿದ್ದೆ.

ಚೆಸ್ಟರ್‌ಫೀಲ್ಡಿನ ಈ ಆಸ್ಪತ್ರೆಗೆ ಬರುವ ದಾರಿಯಲ್ಲಿ
ಕತ್ತು ತಿರುಚಿಕೊಂಡು ನಿಂತ ಚರ್ಚಿನ ಶಿಖರ.
ಕೊರಳನ್ನು ಹಿಂದಕ್ಕೆ ಬಾಗಿಸಬೇಕು ನಾವೂ,
ಮೆಲ್ಲಗೆ, ಮೆಲ್ಲಗೆ, ಹೆಗಲ ಕೆಳಗೆ ಸುರುಳಿ ಸುತ್ತಿದ ಟವೆಲ್ಲು,
ಮೊಣಕೈಗೆ ಮೆತ್ತೆ, ಹಿಮ್ಮಡಿಗೆ ಮೆತ್ತೆ,
ಮೊಳೆ ಹೊಡೆದರೆ ಉದುರುವ ಹಳೆಯ ಗೋಡೆ ಈ ಎಲುಬು.
ಸ್ನಾಯು ಸಡಿಲಿಸುವ ಮದ್ದು ಇಂಥವರಲ್ಲಿ ಹೇಳಿದ ಮಾತು ಕೇಳದು;
ಮುಂಗೈಗೆ ಸಣ್ಣ ಶಾಕು ಕೊಟ್ಟು
ಹೆಬ್ಬೆರಳ ಮಿಡಿತ ಎಣಿಸುತ್ತೇನೆ:
ಒಂದು, ಎರಡು, ಮೂರು...
ನಾಲ್ಕೂ ಬರಲಿ ಎಂದು ಕಾಯುತ್ತೇನೆ, ಏಕೆಂದರೆ
ಗಂಟಿನ ಮಗ್ಗುಲಲ್ಲೇ ಹಾದಿದೆ ದನಿಯ ನರ,
ಒದ್ದೆ ನೂಲಿನ ಹಾಗೆ.
ಚಾಕು ಹತ್ತಿರ ಬಂದರೆ ಅದು ಚೀರಲು ಎಚ್ಚರವಿರಬೇಕು.
ಇಡೀ ಥೆಲ್ಮಾ ಮಲಗಿರಲಿ, ಅದೊಂದು ಬೇಡ.

ಗಂಟು ಹೊರಬಂತು. ತಟ್ಟೆಯಲ್ಲಿ ಕಂದು ಬಣ್ಣ, ಮಹಾ ಸಾಧು.
ಇನ್ನು ಹತ್ತು ನಿಮಿಷ. ಆಮೇಲೆ ರಕ್ತ ತೆಗೆದು ಲ್ಯಾಬಿಗೆ.
ಹೀತ್‌ಕೋಟ್ ಕೈಕಟ್ಟಿ ನಿಂತ, ರೇಡಿಯೋ ಆರಿಸಿದರು.
ನನಗೆ ಶಹಾಬಾದಿನ ಫರಸಿ ನೆಲದ ಮೇಲೆ
ಎಲೆ ಮಡಚುತ್ತಿದ್ದ ಅವ್ವನ ಬೆರಳು:
ಸುಣ್ಣ ಹೆಚ್ಚಾದರೆ ನಾಲಗೆ ಸುಡುತ್ತದ,
ಕಡಿಮೆಯಾದರ ಕೆಂಪೇ ಏರೂದಿಲ್ಲ.
ಉಗುರ ತುದಿಯಷ್ಟು. ಅಷ್ಟೇ.
ಎಷ್ಟೆಂದು ಹೇಗೆ ತಿಳೀತದ ಅಂದರೆ
ಬಾಯಿಗೇ ಗೊತ್ತಾಗ್ತದ ಅನ್ನುತ್ತಿದ್ದಳು.

ಫೋನು: ಅರ್ಧಕ್ಕೂ ಕೆಳಗೆ.
ಹೊಲಿಗೆ.

‘ಥೆಲ್ಮಾ, ಏನಾದರೂ ಹೇಳಿ.’
ರೆಪ್ಪೆ ತೆರೆಯಲಿಲ್ಲ. ತುಟಿ ಒಣಗಿತ್ತು.
ಅರೆಗಳಿಗೆ ನನ್ನದೇ ಗಂಟಲು ಕಟ್ಟಿತು.
‘ಇಪ್ಪತ್ತೆಂಟು ಟನ್ನು. ಮುಂದೆ ಹೋಗು.’
ಗೊಗ್ಗರು, ಆದರೆ ಲಾರಿ ನಿಲ್ಲಿಸಬಲ್ಲ ಗೊಗ್ಗರು.

ಕತೆ ಇಲ್ಲಿಗೆ ಮುಗಿಯುವುದಿಲ್ಲ.
ಎರಡನೆಯ ರಾತ್ರಿ ಬೆರಳ ತುದಿ ಜುಮುಜುಮು,
ಕೆನ್ನೆ ತಟ್ಟಿದರೆ ತುಟಿಯಂಚು ತನ್ನಷ್ಟಕ್ಕೆ ಅದುರಿತು.
ಎಲುಬಿನ ಹಸಿವು ಎನ್ನುತ್ತೇವೆ ಇದಕ್ಕೆ:
ಆರು ವರ್ಷ ಕೊಟ್ಟೂ ಕೊಟ್ಟೂ ಬರಿದಾದವು
ಈಗ ಬಾಗಿಲಿಗೆ ಬಂದು ಕೇಳುತ್ತಿವೆ.
ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ;
ಇಲ್ಲಿ ಸುಣ್ಣವೇ ಬೆಣ್ಣೆ.

ರಕ್ತನಾಳಕ್ಕೆ ನಿಧಾನ ಬಿಟ್ಟೆ, ಮಾನಿಟರ್ ಮೇಲೆ ಕಣ್ಣಿಟ್ಟು.
‘ಎಷ್ಟು ಹಾಕಿದೆ?’ ಎಂದಳು ಕತ್ತಲಲ್ಲಿ.
ಹತ್ತು ಮಿಲಿ.
‘ಬರೆದುಕೊಂಡೆಯಾ?
ಚೀಟಿ ಇಲ್ಲದೆ ಗೇಟು ದಾಟಬಾರದು.’