ಗಾಜು ನೆಟ್ಟವನು

ನಲವತ್ತು ವರ್ಷ ನಾನು ಗೋಡೆಯ ತಲೆ ಮೇಲೆ ಗಾಜು ನೆಟ್ಟೆ.
ಬೀರು ಬಾಟಲಿ, ಔಷಧಿ ಸೀಸೆ,
ಒಮ್ಮೆ ಡಾಕ್ಟರೊಬ್ಬರ ಮನೆಗೆ ಅವರದೇ ಒಡೆದ ಮೀನಿನ ತೊಟ್ಟಿ.
ಸಿಮೆಂಟು ಹಸಿಯಿದ್ದಾಗಲೇ ಚುಚ್ಚಬೇಕು, ಚೂಪು ಮೇಲಕ್ಕೆ,
ಪೈರು ನಾಟಿ ಹಾಕಿದ ಹಾಗೆ, ಗೇಣಿಗೆ ನಾಲ್ಕು.
ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ,
ಬಿಸಿಲು ಬಿದ್ದರೆ ಹಸಿರಾಗಿ ಹೊಳೆಯುವ ನನ್ನ ಬೆಳೆ
ಈಗಲೂ ಅಲ್ಲಲ್ಲಿ ಇದೆ.
ಕಳ್ಳ ಹತ್ತಿ ಕೈ ಕುಯ್ದುಕೊಂಡದ್ದು ನಾನಂತೂ ಕಾಣೆ.
ಬೆಕ್ಕುಗಳು ಮಾತ್ರ ಹುಷಾರಾಗಿ ಕಾಲಿಡುವುದನ್ನು ಕಲಿತವು.

ಲಗ್ಗೆರೆಯ ಈ ಗೋಡೆಯೂ ನನ್ನದೇ.
"ಇನ್ನೂ ಒಂದು ವರಸೆ ಏರಿಸಪ್ಪ" ಅಂದರು ಗೋಡೌನಿನ ಯಜಮಾನರು.
ಏರಿಸಿದೆ. ಒಂಬತ್ತಡಿ. ಆಳಿನ ಮೇಲೆ ಅರ್ಧ ಆಳು.
ಇತ್ತ ಗೋಡೌನು, ಅತ್ತ ಮನೆಗಳ ಬೆನ್ನು,
ನಡುವೆ ಬಸ್ ಸ್ಟಾಪಿನಿಂದ ಒಳಕ್ಕೆ ಇನ್ನೂರು ಹೆಜ್ಜೆಯ ಸಂದಿ.
ಗೋಡೆ ಒಳಗಿನ ಅಕ್ಕಿಮೂಟೆ ಕಾಯಿತು.
ಹೊರಗೆ ನಡೆಯುವವರ ಕಡೆ ಅದಕ್ಕೆ ಮುಖವೇ ಇರಲಿಲ್ಲ.

ಗಾರ್ಮೆಂಟ್ಸು ಬಿಟ್ಟು ಬರುವ ಹೆಂಗಸರು
ಆ ಸಂದಿಗೊಂದು ಹೆಸರಿಟ್ಟಿದ್ದರು: ಉಸಿರುಕಟ್ಟು.
ಆಡುತ್ತಿದ್ದ ಮಾತು ಅಲ್ಲಿಗೇ ನಿಲ್ಲಿಸಿ, ಸರ ಸೆರಗಿನೊಳಗೆ ತಳ್ಳಿ,
ದಾಟಿದ ಮೇಲೆ ಅದೇ ಮಾತು ಮುಂದುವರಿಸುವರು.
ಸರ್ವಮಂಗಳೆಯ ಮಾತು ಒಂದು ರಾತ್ರಿ ಮುಂದುವರಿಯಲಿಲ್ಲ.
ಸರ ಹೋಯಿತು, ಎರಡು ಹಲ್ಲು ಹೋದವು.
ಕೂಗಿದಳಂತೆ. ನನ್ನ ಗೋಡೆ ಆ ಕೂಗನ್ನು
ಎದುರು ಗೋಡೆಗೆ ಕೊಟ್ಟಿತು, ಎದುರಿನದು ವಾಪಸು ಕೊಟ್ಟಿತು.
ಎರಡೂ ಇಟ್ಟುಕೊಳ್ಳಲಿಲ್ಲ.

ವಾರ್ಡ್ ಆಫೀಸಿನ ಹೊಸ ಇಂಜಿನಿಯರಮ್ಮ, ಫಿರ್ದೋಸ್,
ಹಗಲು ಬರಲಿಲ್ಲ. ರಾತ್ರಿ ಒಂಬತ್ತೂವರೆಗೆ ಬಂದಳು.
ಟೇಪು ಹಿಡಿಯಲಿಲ್ಲ. ನನ್ನನ್ನೇ ಮೂಲೆಯಲ್ಲಿ ನಿಲ್ಲಿಸಿ ಕೇಳಿದಳು:
"ಅಲ್ಲಿಂದ ಎಷ್ಟು ಕಿಟಕಿ ಕಾಣುತ್ತೆ, ತಾತ?"
ಒಂದೂ ಇಲ್ಲವಮ್ಮ.
"ಹಾಗಾದ್ರೆ ನಿಮ್ಮನ್ನ ಎಷ್ಟು ಜನ ಕಾಣ್ತಾರೆ?"
ಎಪ್ಪತ್ತಕ್ಕೆ ಕಾಲಿಟ್ಟವನು ನಾನು, ಆ ಮೂಲೆಯಲ್ಲಿ
ಮೊದಲ ಸಲ ನನಗೆ ನಾನೇ ಕಳ್ಳನಂತೆ ಕಂಡೆ.
ಎಷ್ಟು ಸಲೀಸು, ಅನ್ನಿಸಿತು.
ಎಂಥ ಹದವಾದ ಜಾಗ ಕಟ್ಟಿಕೊಟ್ಟಿದ್ದೇನೆ.

ಯಜಮಾನರು ಒಪ್ಪುವುದಕ್ಕೆ ಏಳು ತಿಂಗಳು.
ಕೆಡವಿದ್ದೂ ನಾನೇ. ಸೊಂಟದೆತ್ತರಕ್ಕೆ ತಂದು ಮೇಲೆ ಸರಳು ಕೂರಿಸಿದೆ.
ಗಾಜು ಉದುರಿತು, ಮೂರು ಗೋಣಿಚೀಲ.
ಹೊಂಗೆಯ ತಗ್ಗುಕೊಂಬೆ ಸವರಿದರು.
ಮುಗಿಲಲ್ಲಿದ್ದ ದೀಪ ಇಳಿಯಿತು, ಮುಖ ಕಾಣುವಷ್ಟು ಕೆಳಕ್ಕೆ.
ಇಸ್ತ್ರಿ ಗಾಡಿಯ ಕುಪ್ಪಮ್ಮನಿಗೆ ತಿರುವಿನಲ್ಲಿ ಜಾಗ ಸಿಕ್ಕಿತು.
ಹತ್ತು ಗಂಟೆವರೆಗೂ ಕೆಂಡ ಊದುತ್ತಾಳೆ.
ಯಾವ ಅಂಗಿ ಯಾರದೆಂದು ಅವಳಿಗೆ ಗೊತ್ತು,
ಅಂಗಿಯೊಳಗಿನವನೂ ಗೊತ್ತು.
ಅತ್ತಲ ಮನೆಯೊಂದು ಅಡುಗೆಕೋಣೆಯ ಗೋಡೆ ಒಡೆಸಿ ಕಿಟಕಿ ಇಡಿಸಿತು.
ಒಗ್ಗರಣೆಯ ಘಾಟು ಸಂದಿಗೆ ಬಂದ ರಾತ್ರಿ
ಹೆಂಗಸರು ಸೀನಿದರು, ನಕ್ಕರು,
ಮಾತು ನಿಲ್ಲಿಸುವುದು ಮರೆತರು.

ಒಂದು ಮಾತು ಬಾಕಿ.
ದೀಪದ ಕೆಳಗಿನ ಕಲ್ಲುಬೆಂಚಿಗೆ, ನಕ್ಷೆಯಲ್ಲಿ,
ನಟ್ಟನಡುವೆ ಒಂದು ಕಬ್ಬಿಣದ ಕೈ ಇತ್ತು.
ಮೊಣಕೈ ಊರುವುದಕ್ಕೆ ಅಂದರು. ನಾನು ಗಾಜು ನೆಟ್ಟವನು,
ಯಾವುದು ಯಾರನ್ನು ದೂರ ಇಡಲಿಕ್ಕೆ ಎಂದು
ನನಗೆ ಹೇಳಿಕೊಡಬೇಕೆ?
ಚಿಂದಿ ಆಯುವ ಚೆಂಗಲ್ರಾಯ ಅಲ್ಲೇ ಗೋಡೆಬುಡದಲ್ಲಿ ಮಲಗುತ್ತಿದ್ದ.
ಸರ್ವಮಂಗಳೆ ಬಿದ್ದಾಗ ಓಡಿಬಂದವನು ಅವನೊಬ್ಬನೇ.
ಪೊಲೀಸರು ಮೊದಲು ಹಿಡಿದದ್ದೂ ಅವನನ್ನೇ.

ಅಳತೆ ತಪ್ಪಿಸಿದೆ. ಕಬ್ಬಿಣದ ಕೈಯನ್ನು ಒಂದು ಬದಿಗೆ,
ತುದಿಯಿಂದ ಗೇಣು ಬಿಟ್ಟು ಕೂರಿಸಿದೆ.
ಫಿರ್ದೋಸ್ ನೋಡಿದಳು. ಆವತ್ತು ಟೇಪು ತೆಗೆದಳು, ಎಳೆದಳು,
ಉಳಿದ ಉದ್ದ ಅಳೆದಳು, ಐದಡಿ ನಾಲ್ಕಿಂಚು,
ನನ್ನ ಮುಖ ನೋಡದೆ ಪುಸ್ತಕಕ್ಕೆ ಸಹಿ ಹಾಕಿದಳು.

ಮೂರು ಚೀಲ ಗಾಜು ಇನ್ನೂ ನನ್ನ ಹಿತ್ತಲಲ್ಲಿದೆ.
ಗುಜರಿಯವನು ಬೇಡ ಅಂದ, ಸಿಮೆಂಟು ಕಚ್ಚಿದೆಯಂತೆ.
ಮೊಮ್ಮಗಳು ಅತ್ತ ಹೋಗದಿರಲಿ ಎಂದು
ಹಲಗೆಯೊಂದನ್ನು ಅಡ್ಡ ಇಟ್ಟಿದ್ದೇನೆ.